ಹತ್ತಿದ ಗೇರಿನಲ್ಲೇ ಇಳಿಯಬೇಕು

ಬೆಟ್ಟದ ಮಾತು ಬಂದರೆ ಮಕ್ಕಳು ಮೊದಲು ಕೇಳುವ ಪ್ರಶ್ನೆ, "ಎಷ್ಟು ಎತ್ತರ?" ಮುಳ್ಳಯ್ಯನಗಿರಿ 1,930 ಮೀಟರ್, ಕುಮಾರಪರ್ವತ 1,712 ಮೀಟರ್, ನಂದಿಬೆಟ್ಟ 1,478 ಮೀಟರ್ ಎಂದು ನನ್ನ ಮೊಮ್ಮಗಳು ಮಗ್ಗಿಯಂತೆ ಒಪ್ಪಿಸುತ್ತಾಳೆ. ಎರಡನೆಯ ಪ್ರಶ್ನೆ, "ಹತ್ತೋಕೆ ಎಷ್ಟು ಹೊತ್ತು ಬೇಕು?" ಇಳಿಯೋಕೆ ಎಷ್ಟು ಹೊತ್ತು ಬೇಕು ಎಂದು ಮಾತ್ರ ಇವತ್ತಿನವರೆಗೆ ಒಂದು ಮಗುವೂ ನನ್ನನ್ನು ಕೇಳಿಲ್ಲ. ಮಕ್ಕಳೇಕೆ, ದೊಡ್ಡವರೂ ಕೇಳುವುದಿಲ್ಲ. ಯಾರ ಮನೆಯ ಆಲ್ಬಮ್ ತೆಗೆದು ನೋಡಿದರೂ ಬೆಟ್ಟದ ತುದಿಯಲ್ಲಿ ನಿಂತ ಫೋಟೋ ಇರುತ್ತದೆ. ಬಂಡೆಯೊಂದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಹಿಂದುಮುಂದಾಗಿ ಇಳಿಯುತ್ತಿರುವ ಫೋಟೋ ಎಲ್ಲಿಯೂ ಇರುವುದಿಲ್ಲ.

ನಾನು ಪರ್ವತ ಏರಿ ಹೆಸರು ಮಾಡಿದವನೇನಲ್ಲ. ಬಿ.ಕಾಂ. ಮುಗಿಸಿ 1973ರಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಸೇರಿದೆ, 2010ರಲ್ಲಿ ಗುಮಾಸ್ತನಾಗಿಯೇ ನಿವೃತ್ತನಾದೆ. ನನ್ನ ಊರು ಹಾಸನ. ಹೆಂಡತಿಯ ತವರು ಬೆಳ್ತಂಗಡಿಯ ಹತ್ತಿರ. ನಡುವೆ ಚಾರ್ಮಾಡಿ ಘಾಟಿ. ಮದುವೆಯಾದ ಮೇಲೆ ಬಾಣಂತನ, ಗೃಹಪ್ರವೇಶ, ತಿಥಿ, ಭೂತದ ಕೋಲ ಎಂದು ಏನಿದ್ದರೂ ಆ ಘಟ್ಟ ಇಳಿಯಲೇಬೇಕಿತ್ತು. ಸಾಲದ್ದಕ್ಕೆ ಆರು ವರ್ಷ ನನಗೆ ದಕ್ಷಿಣ ಕನ್ನಡದ ಶಾಖೆಯೊಂದಕ್ಕೆ ವರ್ಗವೂ ಆಯಿತು. ಆಗ ಬ್ಯಾಂಕಿಗೆ ಶನಿವಾರ ಅರ್ಧ ದಿನ. ಮಧ್ಯಾಹ್ನ ಬಸ್ಸು ಹಿಡಿದು ಘಟ್ಟ ಹತ್ತಿ ಹಾಸನಕ್ಕೆ ಬಂದು ಅಪ್ಪ ಅಮ್ಮನನ್ನು ನೋಡುವುದು, ಭಾನುವಾರ ಇಳಿಯುವುದು. ಹೀಗೆ ಎಷ್ಟು ಸಲ ಹತ್ತಿ ಇಳಿದೆನೋ, ಲೆಕ್ಕ ಬರೆಯುವುದೇ ಕಸುಬಾಗಿದ್ದರೂ ಇದೊಂದು ಲೆಕ್ಕ ನಾನು ಇಟ್ಟಿಲ್ಲ.

ಇಳಿಯುವ ಬಸ್ಸು ಕೊಟ್ಟಿಗೆಹಾರದಲ್ಲಿ ನಿಲ್ಲುತ್ತಿತ್ತು. ಅಲ್ಲಿಯ ನೀರುದೋಸೆ ಪ್ರಸಿದ್ಧ. ಆದರೆ ಬುದ್ಧಿವಂತರು ಇಳಿಯುವ ಮೊದಲು ದೋಸೆ ತಿನ್ನುವುದಿಲ್ಲ, ಹತ್ತಿ ಬಂದ ಮೇಲೆ ತಿನ್ನುತ್ತಾರೆ. ಯಾಕೆಂದು ಕಿಟಕಿಯ ಪಕ್ಕ ಕೂತವರನ್ನು ಕೇಳಿ. ತಿರುವು ಶುರುವಾದೊಡನೆ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ, ಅಮ್ಮಂದಿರ ಬ್ಯಾಗಿನಿಂದ ನಿಂಬೆಹಣ್ಣು ಹೊರಗೆ ಬರುತ್ತದೆ. ಕಿವಿ ಮುಚ್ಚಿಕೊಳ್ಳುತ್ತದೆ. ಮಕ್ಕಳೇ, ಕೆಳಗೆ ಹೋದಷ್ಟೂ ಗಾಳಿಯ ಒತ್ತಡ ಹೆಚ್ಚಾಗಿ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುವುದರಿಂದ ಹೀಗಾಗುತ್ತದೆ. ಉಗುಳು ನುಂಗಿದರೆ ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದು ಸರಿಹೋಗುತ್ತದೆ. ಇದನ್ನು ಕಣ್ಣಿನಿಂದಲೂ ನೋಡಬಹುದು. ಕೊಟ್ಟಿಗೆಹಾರದಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ನೀರಿನ ಬಾಟಲಿ ಖಾಲಿ ಮಾಡಿ, ಬಿರಡೆ ಗಟ್ಟಿಯಾಗಿ ತಿರುಗಿಸಿ ಚೀಲದಲ್ಲಿಡಿ. ಉಜಿರೆಯಲ್ಲಿ ತೆಗೆದು ನೋಡಿದರೆ ಅದರ ಹೊಟ್ಟೆ ಒಳಕ್ಕೆ ಹೋಗಿರುತ್ತದೆ.

ಆ ಆರು ವರ್ಷಗಳಲ್ಲಿ ಒಬ್ಬ ಡ್ರೈವರ್ ನನಗೆ ಪರಿಚಯವಾದರು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು, ಬಾಯಲ್ಲಿ ಸದಾ ಎಲೆಯಡಿಕೆ. ಮುಂದಿನ ಸೀಟು ಸಿಕ್ಕಿದರೆ ನಾನು ಅವರೊಡನೆ ಮಾತಿಗಿಳಿಯುತ್ತಿದ್ದೆ. ಹತ್ತುವಾಗ ಅವರು ನಗುತ್ತಾ ಊರ ಸುದ್ದಿಯನ್ನೆಲ್ಲ ಹೇಳುವರು. ಇಳಿಯುವಾಗ ಒಂದು ಮಾತಿಲ್ಲ. ಕೊಟ್ಟಿಗೆಹಾರದ ಚಹಾದ ಅಂಗಡಿಯ ಮುಂದೆ ಒಮ್ಮೆ ಕಾರಣ ಕೇಳಿದೆ.

"ಹತ್ತೋವಾಗ ಎಂಜಿನ್ ದುಡಿಯುತ್ತೆ ಸಾರ್. ಇಳಿಯೋವಾಗ ಡ್ರೈವರ್ ದುಡೀಬೇಕು" ಎಂದರು. ಆಮೇಲೆ ಎಲೆಯಡಿಕೆ ಉಗುಳಿ ಬಂದು, "ಯಾವ ಗೇರಲ್ಲಿ ಹತ್ತುತೀವೋ ಅದೇ ಗೇರಲ್ಲಿ ಇಳೀಬೇಕು. ಇಷ್ಟೇ ವಿದ್ಯೆ" ಎಂದು ಸೇರಿಸಿದರು.

ಕಾಮರ್ಸ್ ಓದಿದ ನನಗೆ ಇದು ಅರ್ಥವಾಗಲು ಸ್ವಲ್ಪ ದಿನ ಹಿಡಿಯಿತು. ಇಳಿಜಾರಿನಲ್ಲಿ ಬಸ್ಸು ತನ್ನಷ್ಟಕ್ಕೇ ಓಡುತ್ತದೆ, ಎಂಜಿನ್ನಿನ ಹಂಗಿಲ್ಲ. ಹಾಗೆಂದು ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕಿ ಡೀಸೆಲ್ ಉಳಿಸುವ ಜಾಣರಿದ್ದಾರೆ. ಆಗ ಇಡೀ ಗಾಡಿಯ ಭಾರವನ್ನು ಬ್ರೇಕೊಂದೇ ಹಿಡಿಯಬೇಕು. ತಿರುವಿಗೊಮ್ಮೆ ಒತ್ತಿ ಒತ್ತಿ ಬ್ರೇಕು ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ತೀರಾ ಕಾದ ಬ್ರೇಕು ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಎರಡನೆಯದೋ ಮೂರನೆಯದೋ ಗೇರಿನಲ್ಲಿಟ್ಟು ಇಳಿದರೆ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಶ್ರಮದಲ್ಲಿ ಗಾಡಿಯ ಓಟ ತಾನಾಗಿ ತಗ್ಗುತ್ತದೆ. ಬ್ರೇಕಿಗೆ ಆಗಾಗ ವಿಶ್ರಾಂತಿ ಸಿಗುತ್ತದೆ. ಬಸ್ಸು ನರಳುತ್ತಾ ಇಳಿಯುತ್ತಿದ್ದರೆ ನಮ್ಮ ಜೀವಕ್ಕೆ ಒಳ್ಳೆಯದು. ಘಟ್ಟದಲ್ಲಿ ಸದ್ದಿಲ್ಲದೆ ನುಣ್ಣಗೆ ಇಳಿಯುವ ಬಸ್ಸಿಗೆ ಹೆದರಬೇಕು.

ಅವರಿಂದ ಕಲಿತ ಇನ್ನೊಂದು ನಿಯಮವೂ ನನಗೆ ಬಹಳ ಇಷ್ಟ. ಕಿರಿದಾದ ಘಟ್ಟದ ರಸ್ತೆಯಲ್ಲಿ ಎರಡು ಗಾಡಿ ಎದುರುಬದುರಾದರೆ ಇಳಿಯುವವನು ನಿಂತು ಹತ್ತುವವನಿಗೆ ದಾರಿ ಬಿಡಬೇಕು. ಏರಿನಲ್ಲಿ ಒಮ್ಮೆ ನಿಂತ ಲಾರಿಯನ್ನು ಮತ್ತೆ ಹೊರಡಿಸುವುದು ಎಷ್ಟು ಕಷ್ಟವೆಂದು ಕ್ಲೀನರ್ ಹುಡುಗರನ್ನು ಕೇಳಬೇಕು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಓಡುವವರು ಅವರೇ. ನನ್ನ ವಯಸ್ಸಿನ ಗೆಳೆಯರು ಪಾರ್ಕಿನಲ್ಲಿ ಕುಳಿತು ಮಗ ಹೀಗೆ, ಸೊಸೆ ಹಾಗೆ ಎಂದು ಶುರುಮಾಡಿದಾಗ ನಾನು ಈ ರಸ್ತೆ ನಿಯಮವನ್ನು ಹೇಳುವುದುಂಟು. ಕೆಲವರು ನಗುತ್ತಾರೆ. ಕೆಲವರು ಮರುದಿನ ಬೇರೆ ಬೆಂಚಿನಲ್ಲಿ ಕೂರುತ್ತಾರೆ.

ಕಾಲ್ನಡಿಗೆಯ ಇಳಿತದ ಪಾಠ ಕುಮಾರಪರ್ವತದಲ್ಲಾಯಿತು. 1980ರ ಜನವರಿಯಲ್ಲಿ ಶಾಖೆಯ ನಾಲ್ವರು ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿದೆವು. ಮೊದಲು ದಟ್ಟ ಕಾಡು, ಗಿರಿಗದ್ದೆ ದಾಟಿದ ಮೇಲೆ ಬೋಳು ಹುಲ್ಲುಗುಡ್ಡ, ನೆತ್ತಿಯ ಮೇಲೆ ಬಿಸಿಲು. ಹತ್ತುವಾಗ ಏದುಸಿರು ಬಂತು, ನಿಂತೆವು, ಕಿತ್ತಲೆ ತಿಂದೆವು, ಮತ್ತೆ ಹತ್ತಿದೆವು. ಉಸಿರಿನ ಕಷ್ಟ ಐದು ನಿಮಿಷ ನಿಂತರೆ ಹೋಗುತ್ತದೆ. ಇಳಿಯುವಾಗ ಉಸಿರಿಗೇನೂ ತೊಂದರೆಯಿಲ್ಲ, ಹಾಡು ಹೇಳಿಕೊಂಡೇ ಇಳಿದೆವು. ಮರುದಿನ ತೊಡೆ ಬಿಗಿಯಿತು. ಅದರ ಮರುದಿನ ನಮ್ಮ ಬ್ಯಾಂಕಿನ ಮೆಟ್ಟಿಲಲ್ಲಿ ನಾಲ್ವರು ಗಟ್ಟಿ ಯುವಕರು ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿಯುವುದನ್ನು ಕಂಡ ಗ್ರಾಹಕರೊಬ್ಬರು, "ಎಂತದು, ನಾಲ್ಕೂ ಜನಕ್ಕೆ ಒಟ್ಟಿಗೇ ವಾತವಾ?" ಎಂದು ಕೇಳಿದರು.

ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಭಾರವನ್ನು ಹಿಡಿದುಕೊಂಡೇ ಹಿಗ್ಗಬೇಕು. ಹಗ್ಗಕ್ಕೆ ಕಟ್ಟಿದ ಕೊಡವನ್ನು ಬಾವಿಗೆ ಬಿಡುವಾಗ ಕೈ ಸಡಿಲಿಸುತ್ತಲೇ ಹಿಡಿದಿರುತ್ತೇವಲ್ಲ, ಹಾಗೆ. ಸ್ನಾಯುವಿಗೆ ಹೆಚ್ಚು ಏಟು ಬೀಳುವುದು ಇದರಿಂದಲೇ. ನೋವು ಒಂದೆರಡು ದಿನ ತಡವಾಗಿ ಬಂದು ಕೂರುತ್ತದೆ. ಅಂದರೆ ನಮ್ಮ ತೊಡೆಯೇ ಕಾಲಿನ ಬ್ರೇಕು.

ಎವರೆಸ್ಟಿನ ಕಥೆಯನ್ನೂ ನಾನು ಈ ದೃಷ್ಟಿಯಿಂದಲೇ ಓದಿದ್ದೇನೆ. 1924ರಲ್ಲಿ ಜಾರ್ಜ್ ಮ್ಯಾಲರಿ ಮತ್ತು ಆಂಡ್ರ್ಯೂ ಇರ್ವಿನ್ ತುದಿಯ ಕಡೆಗೆ ಹೋಗುವುದನ್ನು ಜೊತೆಯವರೊಬ್ಬರು ಕೆಳಗಿನಿಂದ ಕಂಡರು. ಆಮೇಲೆ ಅವರು ಮರಳಲಿಲ್ಲ. ಮ್ಯಾಲರಿಯ ದೇಹ ಸಿಕ್ಕಿದ್ದು 1999ರಲ್ಲಿ. ಅವರು ಶಿಖರ ಮುಟ್ಟಿದರೋ ಇಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಹತ್ತಿದರು, ಇಳಿದು ಬಂದು ಚಹಾ ಕುಡಿದರು. ಅದಕ್ಕೇ ಚರ್ಚೆಗೆ ಜಾಗವಿಲ್ಲ. ಬ್ಯಾಂಕಿನಲ್ಲೂ ಹೀಗೆಯೇ. ಬೆಳಿಗ್ಗೆ ಎಷ್ಟು ಹಣ ಬಂತು ಎಂದು ಯಾರೂ ಬೆನ್ನು ತಟ್ಟುತ್ತಿರಲಿಲ್ಲ. ಸಂಜೆ ಕ್ಯಾಷ್ ತಾಳೆಯಾದರೆ ಮಾತ್ರ ಮನೆಗೆ ಹೋಗಬಹುದಿತ್ತು.

ನಿವೃತ್ತಿಯ ಮೊದಲ ಸೋಮವಾರದಿಂದ ನಾನು ಡ್ರೈವರ್ ಸಾಹೇಬರ ಮಾತನ್ನು ಮನೆಯಲ್ಲಿ ಜಾರಿಗೆ ತಂದೆ. ಐದೂವರೆಗೆ ಏಳುವುದು, ಹಾಲು ತರುವುದು, ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಡುವುದು, ರಾತ್ರಿ ಮನೆಖರ್ಚಿನ ಲೆಕ್ಕ ಬರೆದು ಗೆರೆ ಎಳೆಯುವುದು. "ಅಂಗಿ ಹಾಕಿ ಎಲ್ಲಿಗೆ ಹೋಗಲಿಕ್ಕುಂಟು ನಿಮಗೆ?" ಎಂದು ಹೆಂಡತಿ ಎಷ್ಟೋ ದಿನ ನಗಾಡಿದಳು. ಎಲ್ಲಿಗೂ ಇಲ್ಲ. ಗೇರಿನಲ್ಲಿರಲಿ ಎಂದು, ಅಷ್ಟೇ.

2019ರ ಆಗಸ್ಟಿನ ಮಳೆಗೆ ಚಾರ್ಮಾಡಿಯಲ್ಲಿ ಹಲವು ಕಡೆ ಗುಡ್ಡ ಕುಸಿದು ರಸ್ತೆ ಮುಚ್ಚಿತು. ವರ್ಷದ ಕೊನೆಗೆ ನಾವು ಬೆಳ್ತಂಗಡಿಗೆ ಹೊರಟಾಗ ರೈಲು ಹಿಡಿದೆವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಟ್ಟದ ಹಳಿಯ ಮೇಲೆ 57 ಸುರಂಗ, 109 ಸೇತುವೆ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಮಾರ್ಗ, 1996ರಲ್ಲಿ ಬ್ರಾಡ್‌ಗೇಜ್ ಮಾಡಲು ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ಸಿಕ್ಕಿದ್ದು 2007ರ ಡಿಸೆಂಬರಿನಲ್ಲಿ. ಅಲ್ಲಿ 50 ಮೀಟರ್ ಹೋದರೆ ಒಂದು ಮೀಟರ್ ಇಳಿತ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ, ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಅದು ಕಡಿದಾದ ಇಳಿಜಾರು. ಇಳಿಯುವ ರೈಲು ಸಕಲೇಶಪುರದಲ್ಲಿ ನಿಂತು ಬ್ರೇಕು ಪರೀಕ್ಷೆ ಮಾಡಿಸಿಕೊಂಡು ಹೊರಡುತ್ತದೆ. ಆಮೇಲೆ ಆಮೆಯಂತೆ ಸಾಗುತ್ತದೆ. ಆಗ ಐದು ವರ್ಷದವಳಾಗಿದ್ದ ಮೊಮ್ಮಗಳು ಸುರಂಗ ಎಣಿಸಲು ಕೂತಳು. ಅವಳಿಗೆ ಇಪ್ಪತ್ತರವರೆಗೆ ಮಾತ್ರ ಎಣಿಕೆ ಬರುತ್ತಿತ್ತು. ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ. "ಎರಡು ಇಪ್ಪತ್ತು, ಆಮೇಲೆ ಹನ್ನೆರಡು" ಎಂದು ವರದಿ ಒಪ್ಪಿಸಿದಳು. ಉಳಿದ ಐದು ಸುರಂಗ ಅವಳ ನಿದ್ದೆಯಲ್ಲಿ ಹೋಗಿದ್ದವು.

ಇಷ್ಟೆಲ್ಲ ಹೇಳಿದ್ದು ನನ್ನ ಹೆಂಡತಿಯ ಮೊಣಕಾಲಿನ ವಿಷಯಕ್ಕೆ ಬರಲು. ಅವಳ ತವರುಮನೆ ರಸ್ತೆಯ ಮಟ್ಟದಲ್ಲಿಲ್ಲ. ಆ ಕಡೆಯ ಎಷ್ಟೋ ಮನೆಗಳಂತೆ ಕೆಳಗೆ, ಅಡಿಕೆ ತೋಟದ ಬುಡದಲ್ಲಿದೆ. ರಸ್ತೆಯಿಂದ ಮನೆಯಂಗಳಕ್ಕೆ ಮುರಕಲ್ಲಿನ 43 ಮೆಟ್ಟಿಲು. ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಕೆಳಗೆ ನನ್ನ ಅತ್ತೆ ಇದ್ದಾರೆ. ಕಳೆದ ವರ್ಷಕ್ಕೆ ಅವರಿಗೆ 91. ಆ ರೈಲಿನ ಪ್ರಯಾಣದ ಹೊತ್ತಿಗೇ ಹೆಂಡತಿಯ ಬಲ ಮೊಣಕಾಲು ಸವೆದಿತ್ತು. ಆಗಲೇ ಅವಳು ಮೆಟ್ಟಿಲಿನ ಮೇಲೆ ಕೂತು ಕೂತು ಇಳಿದಿದ್ದಳು. ಮುಂದೆ ಕೊರೊನಾ ಬಂತು, ಅದು ಹೋಗುವಷ್ಟರಲ್ಲಿ ಕಾಲು ಇನ್ನೂ ಕೆಟ್ಟಿತು. ಮಗಳಿಗೆ ಇಳಿಯಲಾಗದು, ತಾಯಿಗೆ ಹತ್ತಲಾಗದು. ಕುರ್ಚಿಯಲ್ಲಿ ಕೂರಿಸಿ ಹೊತ್ತು ರಸ್ತೆಗೆ ತರುತ್ತೇವೆ, ಅಲ್ಲಿಂದ ಕಾರಿನಲ್ಲಿ ಹಾಸನಕ್ಕೆ ಕರೆದೊಯ್ಯಬಹುದು ಎಂದು ಭಾವನವರು ಹೇಳಿದರೆ ಅತ್ತೆ, "ನನ್ನನ್ನು ಹೊತ್ತು ಈ ಮೆಟ್ಟಿಲು ಹತ್ತಿಸುವುದು ಒಂದೇ ಸಲ. ಅದಕ್ಕೆ ಈಗಲೇ ಅವಸರ ಎಂತದು?" ಎಂದುಬಿಟ್ಟರು. ಸುಮಾರು ಐದು ವರ್ಷ ತಾಯಿ ಮಗಳು ಫೋನಿನಲ್ಲಿ ಮಾತ್ರ ಮುಖ ನೋಡಿಕೊಂಡರು. ಅತ್ತೆಗೆ ಫೋನು ಹಿಡಿಯುವ ಅಂದಾಜಿಲ್ಲ. ಹೆಚ್ಚಿನ ದಿನ ನಮಗೆ ಕಾಣುತ್ತಿದ್ದುದು ಅವರ ಹಣೆ ಮತ್ತು ಮನೆಯ ಹೆಂಚು.

2023ರಲ್ಲಿ ಮೊಣಕಾಲು ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ವ್ಯಾಯಾಮ ಕಲಿಸಲು ಬರುತ್ತಿದ್ದ ಫಿಸಿಯೊಥೆರಪಿಯ ಹುಡುಗಿ ಮೆಟ್ಟಿಲ ಮುಂದೆ ನಿಲ್ಲಿಸಿ ಹೇಳಿದ್ದು ಎರಡೇ ಮಾತು: "ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ನೋವಿನ ಕಾಲು ಮೊದಲು." ನನಗೆ ಡ್ರೈವರ್ ಸಾಹೇಬರ ನೆನಪಾಯಿತು. ಮಕ್ಕಳೇ, ಬೇಕಾದರೆ ನಿಮ್ಮ ಮನೆಯ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಧಾನವಾಗಿ ಇಳಿದು ನೋಡಿ. ಕೆಳಗೆ ಇಟ್ಟ ಕಾಲು ಸುಮ್ಮನೆ ನೆಲ ಹುಡುಕುತ್ತಿರುತ್ತದೆ. ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲೇ ಮಂಡಿ ಬಾಗಿಸುತ್ತಾ ಇಡೀ ಮೈಯನ್ನು ಇಳಿಸುತ್ತದೆ. ಅದಕ್ಕೇ ಗಟ್ಟಿ ಕಾಲು ಹಿಂದೆ ಉಳಿಯಬೇಕು.

ನಮ್ಮ ಮನೆಯಿಂದ ತಾರಸಿಗೆ 14 ಮೆಟ್ಟಿಲು. ಆಗುಂಬೆ ಘಾಟಿಯಲ್ಲೂ 14 ತಿರುವು, ಒಂದೊಂದಕ್ಕೂ ಸಂಖ್ಯೆಯ ಫಲಕ. ಅದನ್ನು ನೋಡಿ ಬಂದಿದ್ದ ಮೊಮ್ಮಗಳು ದಸರಾ ರಜದಲ್ಲಿ ಸೀಮೆಸುಣ್ಣದಿಂದ ನಮ್ಮ ಮೆಟ್ಟಿಲುಗಳಿಗೂ ಸಂಖ್ಯೆ ಬರೆದಳು. "ಗಟ್ಟಿ ಕಾಲು ಹತ್ತು, ಸೊಟ್ಟ ಕಾಲು ಇಳಿ" ಎಂದು ಅವಳೇ ಒಂದು ಮಂತ್ರವನ್ನೂ ಕಟ್ಟಿದಳು. "ಸೊಟ್ಟ ಯಾರದ್ದು? ಲಕ್ಷಗಟ್ಟಲೆ ಕೊಟ್ಟು ನೆಟ್ಟಗೆ ಮಾಡಿಸಿದ ಕಾಲು ಇದು" ಎಂದು ಅಜ್ಜಿ ಗದರಿದಳು. ಗದರುತ್ತಲೇ ಆ ಮಂತ್ರವನ್ನು ಹೇಳಿಕೊಂಡು ದಿನಾ ಬೆಳಿಗ್ಗೆ ಸಂಜೆ ಹತ್ತಿ ಇಳಿದಳು. ಬಟ್ಟೆ ಒಣಹಾಕುವ ನೆಪ ಬೇರೆ. ಮನೆಯಲ್ಲಿ ಮೂರೇ ಜನರ ಬಟ್ಟೆ, ಅವಳು ಎಂಟು ಕಂತಿನಲ್ಲಿ ಒಯ್ಯುತ್ತಿದ್ದಳು. ಡಾಕ್ಟರು ಸರಿ ಎಂದ ಮೇಲೂ ಅವಳು ಒಂದು ವರ್ಷ ಬಿಟ್ಟಳು. ನಾನೂ ಅವಸರ ಮಾಡಲಿಲ್ಲ. ಅವಳ ಮನಸ್ಸಿನಲ್ಲಿದ್ದುದು 14 ಅಲ್ಲ, 43.

2024ರ ನವೆಂಬರಿನಲ್ಲಿ, ಮಳೆ ನಿಂತು ಪಾಚಿ ಒಣಗಿದ ಮೇಲೆ, ಟ್ಯಾಕ್ಸಿ ಮಾಡಿಕೊಂಡು ಚಾರ್ಮಾಡಿ ಇಳಿದೆವು. ಡ್ರೈವರ್ ಚಿಕ್ಕ ಹುಡುಗ. ಗೇರು ಬದಲಿಸುವ ಸದ್ದಿಗೆ ನಾನು ಕಿವಿ ಕೊಟ್ಟೇ ಕೂತಿದ್ದೆ. ಪರವಾಗಿಲ್ಲ, ಬಲ್ಲವನು.

ಭಾವನವರು ಮೆಟ್ಟಿಲುಗಳ ಒಂದು ಪಕ್ಕಕ್ಕೆ ಅಡಿಕೆ ಮರದ ಗೂಟ ನೆಟ್ಟು, ಉದ್ದಕ್ಕೂ ಬಿದಿರು ಕಟ್ಟಿಸಿದ್ದರು. ಹೆಂಡತಿ ಮೇಲೆ ನಿಂತು ಕೆಳಗೆ ನೋಡಿದಳು. ಹೆಂಚು ಕಾಣುತ್ತಿತ್ತು, ಅಂಗಳದಲ್ಲಿ ಹರಡಿದ ಅಡಿಕೆ ಕಾಣುತ್ತಿತ್ತು. ಜಗಲಿಯಲ್ಲಿ ಬಿಳಿ ಸೀರೆಯ ಒಂದು ಅಂಚು. ನಾನು ಕೈ ಕೊಡಲು ಹೋದರೆ, "ನೀವು ಮುಂದೆ ಹೋಗಿ ಮಾರಾಯ್ರೇ, ಅಡ್ಡ ನಿಲ್ಲಬೇಡಿ" ಎಂದಳು. ಬಲಗಾಲು ಕೆಳಗಿಟ್ಟಳು, ಎಡಗಾಲು ಅದರ ಪಕ್ಕಕ್ಕೆ ತಂದಳು. ಮತ್ತೆ ಬಲಗಾಲು. ಮೊಮ್ಮಗಳು ಒಂದು ಮೆಟ್ಟಿಲು ಕೆಳಗೆ ಹಿಂದುಮುಂದಾಗಿ ಇಳಿಯುತ್ತಾ ಎಣಿಸುತ್ತಿದ್ದಳು, ಈಗ ಅವಳಿಗೆ ಎಣಿಕೆ ಎಲ್ಲಿಯವರೆಗೆ ಬೇಕಾದರೂ ಬರುತ್ತದೆ. ಹತ್ತೊಂಬತ್ತರ ಬಳಿ ಮೆಟ್ಟಿಲು ಬಹಳ ಎತ್ತರ. ಅಲ್ಲಿ ಹೆಂಡತಿ ನಿಂತಳು. ಒಂದು ನಿಮಿಷವಿರಬಹುದು, ಎರಡಿರಬಹುದು. ಯಾರೂ ಮಾತಾಡಲಿಲ್ಲ. ತೋಟದಲ್ಲಿ ಎಲ್ಲೋ ನೀರು ಬೀಳುವ ಸದ್ದು ಮಾತ್ರ. ಆಮೇಲೆ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಲ್ಲಿ ಆ ಮಂತ್ರ ಗುನುಗುತ್ತಾ ಇಳಿದೇಬಿಟ್ಟಳು. 43 ಮೆಟ್ಟಿಲಿಗೆ ಇಪ್ಪತ್ತೆರಡು ನಿಮಿಷ.

ಅತ್ತೆ ಜಗಲಿಯಿಂದ ಏಳಲಿಲ್ಲ, ಎದ್ದರೆ ಕೂರಿಸಲು ಜನ ಬೇಕು. ಮಗಳ ಮುಖ ನೋಡಿದರು, ಆಮೇಲೆ ಕಾಲು ನೋಡಿದರು. "ವನಸ್ ಆಂಡಾ?" ಎಂದರು. ಊಟ ಆಯಿತಾ ಎಂದು ತುಳುವಿನಲ್ಲಿ. ಐದು ವರ್ಷದ ಮೇಲೆ ಕೇಳಿದ ಮೊದಲ ಮಾತು ಅದು. ಹೆಂಡತಿ ಇಲ್ಲವೆಂದು ತಲೆಯಾಡಿಸಿ ಅವರ ಪಕ್ಕದಲ್ಲಿ ಕೂತಳು. ನಾನು ಚೀಲಗಳನ್ನು ಒಳಗಿಡುವ ಕೆಲಸ ಹುಡುಕಿಕೊಂಡು ಅಲ್ಲಿಂದ ಎದ್ದೆ.

ನಾಲ್ಕು ದಿನ ಇದ್ದೆವು. ಎಲೆಯಡಿಕೆಯ ಡಬ್ಬಿಯಿಂದ ಮುತ್ತಜ್ಜಿಯ ಸುಣ್ಣ ಎಗರಿಸಿ ಮೊಮ್ಮಗಳು ಅಲ್ಲಿಯ 43 ಮೆಟ್ಟಿಲುಗಳಿಗೂ ಸಂಖ್ಯೆ ಬರೆದಳು. ಹೊರಡುವ ದಿನ ಹೆಂಡತಿ ಗಟ್ಟಿ ಕಾಲು ಮುಂದಿಟ್ಟು ಒಂಬತ್ತು ನಿಮಿಷದಲ್ಲಿ ಹತ್ತಿದಳು, ಅತ್ತೆ ಜಗಲಿಯಿಂದಲೇ ನೋಡುತ್ತಿದ್ದರು.

ಈ ಸಲದ ಮಳೆ ಶುರುವಾದ ಮೇಲೆ ಅವರ ಫೋನು ಬಂತು. ಎಂದಿನಂತೆ ಹಣೆ ಮತ್ತು ಹೆಂಚು ಕಾಣುತ್ತಿತ್ತು. ಸುಣ್ಣವೆಲ್ಲ ಮಳೆಗೆ ತೊಳೆದುಹೋಯಿತಂತೆ, ಹತ್ತೊಂಬತ್ತನೆಯದು ಮಾತ್ರ ಸ್ವಲ್ಪ ಉಳಿದಿದೆಯಂತೆ. ನವೆಂಬರಿಗೆ ಬರುವಾಗ ಮಗುವನ್ನು ಕರೆದುಕೊಂಡು ಬರಬೇಕಂತೆ, ಸುಣ್ಣ ತೆಗೆದಿಟ್ಟಿದ್ದಾರಂತೆ.